ಮೈಸೂರಲ್ಲಿ ಡ್ರಾಪ್ಸ್ ಹಾಕಿ ಮಾಡೋ ಪೂರ್ತಿ ಕಣ್ಣು ಚೆಕಪ್: ದುಡ್ಡಿಗೆ ಮೋಸ ಇಲ್ಲ, ಆದ್ರೆ ಅರ್ಧ ದಿನ ಎತ್ತಿಡಿ

ಮೊದಲೇ ಮಾರ್ಕ್ಸ್ ಹೇಳ್ಬಿಡ್ತೀನಿ, 5ಕ್ಕೆ 4. ಡಾಕ್ಟ್ರಿಗೆ ಮಾತ್ರ ಕೊಡೋದಾಗಿದ್ರೆ 5ಕ್ಕೆ 5, ಕೆಳಗಡೆ ಇರೋ ಕನ್ನಡಕದ ಕೌಂಟರಿಗೆ ಮಾತ್ರ ಕೊಡೋದಾಗಿದ್ರೆ 2, ಎರಡನ್ನೂ ಕೂಡಿಸಿ ಭಾಗಿಸಿದ್ರೆ 4 ಬರಲ್ಲ ಅಂತ ನಂಗೂ ಗೊತ್ತು, ಡಾಕ್ಟ್ರ ಕಡೆ ಸ್ವಲ್ಪ ವಾಲಿದೀನಿ ಬಿಡಿ. ಆಸ್ಪತ್ರೆ ಹೆಸರು ಹಾಕ್ತಿಲ್ಲ. ಹಾಕಿದ್ರೆ ಹೊಗಳಿರೋ ಕಡೆ ನೀವು ಕಮಿಷನ್ ಎಷ್ಟು ಅಂತೀರ, ಬೈದಿರೋ ಕಡೆ ಅವ್ರು ಫೋನ್ ಮಾಡ್ತಾರೆ. ಸರಸ್ವತಿಪುರಂ ಕಡೆಯ ಒಂದು ಮೀಡಿಯಂ ಸೈಜಿನ ಪ್ರೈವೇಟ್ ಕಣ್ಣಾಸ್ಪತ್ರೆ ಅನ್ಕೊಳಿ, ಸಾಕು. ಯಾಕಂದ್ರೆ ನಾನು ರಿವ್ಯೂ ಬರೀತಿರೋದು ಬಿಲ್ಡಿಂಗಿಗಲ್ಲ, ಪಾಪೆ ಅಗಲ ಮಾಡೋ ಡ್ರಾಪ್ಸ್ ಹಾಕಿ ಕಣ್ಣಿನ ಹಿಂಭಾಗದವರೆಗೂ ನೋಡೋ ಆ ಪೂರ್ತಿ ಪರೀಕ್ಷೆಗೆ, ಮತ್ತೆ ಅದು ಮೈಸೂರಲ್ಲಿ ಸುಮಾರು ಆಸ್ಪತ್ರೆಗಳಲ್ಲಿ ಹೆಚ್ಚುಕಮ್ಮಿ ಇದೇ ತರ ನಡೆಯುತ್ತೆ.

ಹೋಗಿದ್ದು ಇಬ್ರು. ನನಗೆ 44, ಪೇಪರನ್ನ ಕೈಯುದ್ದ ದೂರ ಹಿಡ್ಕೊಂಡು ಓದೋ ವಯಸ್ಸು. ಇನ್ನೊಬ್ರು ನಮ್ಮ ಮಾವ, ನಮ್ಮ ಯಜಮಾನ್ರ ತಂದೆ, 69 ವರ್ಷ, ಮದ್ದೂರು ಹತ್ರದ ಹಳ್ಳಿ, ಶುಗರ್ ಇದೆ, ಬಿಪಿ ಇದೆ, ಗದ್ದೆ ಮೇಲೆ ಒಂದು ರೌಂಡ್ ಹೋಗ್ಬರದೆ ಕಾಫಿ ಕುಡಿಯಲ್ಲ. ನನಗೆ ನೋಡಿಸ್ಕೋಬೇಕು ಅಂತ ಇದ್ದ ಕಾರಣ ಬೇರೆ, ನಮ್ಮವ್ವನಿಗೆ ಗ್ಲಾಕೋಮಾ ಇದೆ, ಅಂದ್ರೆ ಕಣ್ಣಿನ ನರ ನಿಧಾನಕ್ಕೆ ಹಾಳಾಗೋ ಕಾಯಿಲೆ, ಊರಲ್ಲಿ ಎಲ್ರೂ ಅದನ್ನ ಕಣ್ಣಿನ ಪ್ರೆಶರ್ ಅಂತಾರೆ, ರಾತ್ರಿ ಮಲಗೋ ಮುಂಚೆ ಡ್ರಾಪ್ಸ್ ಹಾಕೋದು ಅವ್ವನಿಗೆ ದೇವರ ದೀಪ ಹಚ್ಚಿದಷ್ಟೇ ತಪ್ಪದ ಕೆಲಸ. ಮಾವನಿಗೆ ನೋಡಿಸ್ಬೇಕು ಅಂತ ನಾನೇ ಹಟ ಹಿಡಿದಿದ್ದು, ಅವ್ರಿಗೆ ಸುತಾರಾಂ ಇಷ್ಟ ಇರ್ಲಿಲ್ಲ. ಅವ್ರ ವಾದ ಏನಂದ್ರೆ ಹೋದ ಸಂಕ್ರಾಂತಿಯಿಂದ ಓದೋ ಕನ್ನಡಕ ಇಲ್ದೇನೇ ಪೇಪರ್ ಓದ್ತಿದಾರೆ, "ನಿಮಗೆಲ್ಲ ಕನ್ನಡಕ ಬಂತು, ನಂಗೆ ಬಂದಿದ್ ಕನ್ನಡಕ ಹೋಯ್ತು, ಮುದ್ದೆ ತಿಂದಿರೋ ಕಣ್ಣು ಕಣವ್ವ ಇದು" ಅಂತ ಬಂದೋರ ಮುಂದೆಲ್ಲ ಹೇಳ್ಕೊಂಡು ಓಡಾಡ್ತಿದ್ರು. ಈ ಮುದ್ದೆ ವಿಷಯ ಮುಂದೆ ಬರುತ್ತೆ.

ಈಗ ಕನ್ನಡಕದ ಅಂಗಡಿ ಟೆಸ್ಟಿನ ಬಗ್ಗೆ ಸ್ವಲ್ಪ, ಯಾಕಂದ್ರೆ ಪ್ರತಿಯೊಬ್ರೂ ಕೇಳೋದೇ ಅದು, ಫ್ರೀಯಾಗಿ ಆಗೋದಕ್ಕೆ ಯಾಕೆ ದುಡ್ಡು ಕೊಡ್ಬೇಕು ಅಂತ. ದೇವರಾಜ ಅರಸು ರಸ್ತೆಲಿ ಒಂದ್ಸಲ ನಡ್ಕೊಂಡು ಹೋದ್ರೆ ಸಾಕು, ಕಂಪ್ಯೂಟರ್ ಐ ಟೆಸ್ಟ್ ಫ್ರೀ ಅನ್ನೋ ಬೋರ್ಡು ಎಷ್ಟು ಬೇಕೋ ಅಷ್ಟು ಸಿಗುತ್ತೆ. ಗದ್ದ ಇಟ್ಟು ಕೂತ್ಕೊಂಡ್ರೆ ಒಳಗಡೆ ಒಂದು ಉದ್ದ ರಸ್ತೆ, ಅದರ ತುದೀಲಿ ಬಲೂನ್, ಮಸುಕಾಗಿ ಕ್ಲಿಯರ್ ಆಗುತ್ತಲ್ಲ ಅದು. ಆ ಮಷೀನು ಹೇಳೋದು ಪವರ್ ಅಂದಾಜು ಮಾತ್ರ. ಕಣ್ಣಿನ ನರ ಹೇಗಿದೆ, ಕಣ್ಣಿನ ಹಿಂದೆ ಚಿತ್ರ ಮೂಡೋ ಪರದೆ, ಅಂದ್ರೆ ರೆಟಿನಾದಲ್ಲಿ ರಕ್ತ ಸೋರ್ತಿದೆಯಾ, ಒಳಗಿನ ಒತ್ತಡ ಎಷ್ಟು, ಇದ್ಯಾವುದೂ ಅದಕ್ಕೆ ಗೊತ್ತಾಗಲ್ಲ, ಗೊತ್ತಾಗ್ಲಿ ಅಂತ ಮಾಡಿರೋ ಮಷೀನೂ ಅಲ್ಲ ಅದು. ಅಲ್ಲಿ ಪವರ್ ನೋಡಿಸ್ಕೊಂಡು ಬಂದು ಕಣ್ಣು ಚೆಕಪ್ ಆಯ್ತು ಅನ್ನೋದು ಟೈರಿಗೆ ಗಾಳಿ ಹೊಡಿಸ್ಕೊಂಡು ಬಂದು ಗಾಡಿ ಸರ್ವೀಸ್ ಆಯ್ತು ಅಂದಂಗೆ. ಅಂಗಡಿಯೋರ್ದೇನೂ ತಪ್ಪಿಲ್ಲ, ಅವ್ರು ಕನ್ನಡಕ ಮಾರ್ತಾರೆ, ಅದಕ್ಕೆ ಬೇಕಾದಷ್ಟು ನೋಡ್ತಾರೆ. ಬಸ್ ಸ್ಟ್ಯಾಂಡ್ ಫುಟ್‌ಪಾತಲ್ಲಿ ಸಿಗೋ ರೆಡಿಮೇಡ್ ಕನ್ನಡಕಾನೂ ಅಷ್ಟೇ, ಹಾಕ್ಕೊಂಡ್ರೆ ಕಣ್ಣೇನೂ ಕೆಡಲ್ಲ, ಎರಡೂ ಕಡೆ ಒಂದೇ ಪವರ್ ಇರುತ್ತೆ, ನಿಮ್ಮ ಎರಡು ಕಣ್ಣಿಗೂ ಬೇರೆ ಬೇರೆ ಪವರ್ ಇದ್ರೆ ತಲೆನೋವು ಬರ್ಬೋದು, ಅಷ್ಟೇ. ನಿಜವಾದ ತೊಂದ್ರೆ ಏನಂದ್ರೆ ಅಕ್ಷರ ಕಂಡ ತಕ್ಷಣ ನಾವು ಡಾಕ್ಟ್ರ ಹತ್ರ ಹೋಗೋ ಯೋಚನೇನೇ ಬಿಟ್ಬಿಡ್ತೀವಿ.

40 ದಾಟಿದ ಮೇಲೆ ಹತ್ತಿರದ್ದು ಮಸುಕಾಗೋದು ಕಾಯಿಲೆ ಅಲ್ಲ, ಎಲ್ರಿಗೂ ಆಗೋದೇ. ಕಣ್ಣೊಳಗಿನ ಲೆನ್ಸು ವಯಸ್ಸಾಗ್ತಾ ಬಿರುಸಾಗುತ್ತೆ, ಮೊದಲಿನ ತರ ಉಬ್ಬಿ ಹತ್ತಿರದ್ದಕ್ಕೆ ಹೊಂದ್ಕೊಳಲ್ಲ, ಅದಕ್ಕೇ ಸೂಜಿಗೆ ದಾರ ಪೋಣಿಸೋಕೆ ಮಕ್ಕಳನ್ನ ಕರೆಯೋದು. ಅಮೆರಿಕದ ಕಣ್ಣು ಡಾಕ್ಟ್ರ ಅಕಾಡೆಮಿ ಏನ್ ಹೇಳುತ್ತೆ ಅಂದ್ರೆ ಯಾವ ತೊಂದರೆ ಇಲ್ದೇ ಇರೋರೂ 40ಕ್ಕೆ ಒಂದ್ಸಲ ಪೂರ್ತಿ ಪರೀಕ್ಷೆ ಮಾಡಿಸ್ಕೊಳಿ, ಆಮೇಲೆ 54ರವರೆಗೆ 2ರಿಂದ 4 ವರ್ಷಕ್ಕೊಮ್ಮೆ, 55ರಿಂದ 64ರವರೆಗೆ 1ರಿಂದ 3 ವರ್ಷಕ್ಕೊಮ್ಮೆ, 65 ಆದ್ಮೇಲೆ 1ರಿಂದ 2 ವರ್ಷಕ್ಕೊಮ್ಮೆ. ಇದು ಆರೋಗ್ಯವಾಗಿರೋರಿಗೆ. ಶುಗರ್ ಇದ್ರೆ ಈ ಲೆಕ್ಕ ಹಿಡಿಯಲ್ಲ. ನಾವು ದೊಡ್ಡೋರಾದ್ಮೇಲೆ ಬರೋ ಟೈಪ್ 2 ಶುಗರ್ ಗೊತ್ತಾದ ವರ್ಷಾನೇ ಕಣ್ಣು ತೋರಿಸ್ಬೇಕು, ಯಾಕಂದ್ರೆ ಅದು ರಿಪೋರ್ಟಲ್ಲಿ ಕಾಣೋ ಮುಂಚೆ ಎಷ್ಟು ವರ್ಷದಿಂದ ಮೈಯೊಳಗಿತ್ತೋ ಯಾರಿಗ್ಗೊತ್ತು, ಆಮೇಲೆ ವರ್ಷಕ್ಕೊಂದ್ಸಲ. ನಮ್ಮ ಮಾವ ತಿಂಗಳು ತಿಂಗಳು ಶುಗರ್ ಟೆಸ್ಟ್ ಮಾಡಿಸ್ತಾರೆ, ಕಾಲಿಗೆ ಗಾಯ ಆಗದಂಗೆ ಚಪ್ಪಲಿ ಹಾಕ್ಕೊಂಡೇ ಗದ್ದೆಗೆ ಇಳೀತಾರೆ, ಕಣ್ಣು ಮಾತ್ರ ಯಾವತ್ತೂ ತೋರ್ಸಿರ್ಲಿಲ್ಲ.

ಸರಿ, ಆಸ್ಪತ್ರೆ ಒಳಗೆ ಬನ್ನಿ. ರಿಸೆಪ್ಷನ್ ಪರ್ವಾಗಿಲ್ಲ, ಅಪಾಯಿಂಟ್‌ಮೆಂಟ್ ಇದ್ರೂ ಟೋಕನ್ ಕೊಡ್ತಾರೆ, ಟೋಕನ್ ಇದ್ರೂ ಕಾಯ್ಬೇಕು, ಹಾಗಾದ್ರೆ ಅಪಾಯಿಂಟ್‌ಮೆಂಟ್ ಯಾಕೆ ಅಂತ ಕೇಳಿದ್ರೆ ನಗ್ತಾರೆ. ಮೊದಲು ಒಬ್ಬ ಹುಡುಗಿ, ಆಪ್ಟೋಮೆಟ್ರಿಸ್ಟ್, ಹಳೇ ಕನ್ನಡಕ ಇಸ್ಕೊಂಡು ಪವರ್ ಬರ್ಕೊಂಡ್ಳು, ಯಾವ್ಯಾವ ಮಾತ್ರೆ ತಗೋತೀರ, ಮನೇಲಿ ಯಾರಿಗಾದ್ರೂ ಕಣ್ಣಿನ ಕಾಯಿಲೆ ಇದೆಯಾ, ಅಸ್ತಮಾ ಇದೆಯಾ, ಎಲ್ಲಾ ಕೇಳಿದ್ಳು. ಕಣ್ಣಿಗೂ ಅಸ್ತಮಾಗೂ ಏನ್ ಸಂಬಂಧ ಅಂತ ನಂಗನ್ಸಿತ್ತು. ಗ್ಲಾಕೋಮಾಗೆ ಕೊಡೋ ಡ್ರಾಪ್ಸಲ್ಲಿ ಟಿಮೊಲಾಲ್ ಅಂತ ಒಂದಿದೆ, ಅದು ಅಸ್ತಮಾ ಇರೋರಿಗೆ ಉಬ್ಬಸ ಎಬ್ಬಿಸ್ಬೋದಂತೆ. ಕಣ್ಣಿಗೆ ಹಾಕಿದ್ದು ಮೂಗಿನ ಕಡೆಯಿಂದ ಇಳಿದು ರಕ್ತಕ್ಕೆ ಸೇರುತ್ತೆ. ಮಾವ ತಗೊಳೋ ಪ್ರಾಸ್ಟೇಟ್ ಮಾತ್ರೆ ಹೆಸರು ಟ್ಯಾಮ್ಸುಲೋಸಿನ್ ಅಂತ ನೋಡಿದ ತಕ್ಷಣ ಫೈಲ್ ಮೇಲೆ ಕೆಂಪು ಪೆನ್ನಲ್ಲಿ ಬರೆದ್ಳು. ಆ ಮಾತ್ರೆ ತಗೊಳೋರಿಗೆ ಪೊರೆ ಆಪರೇಷನ್ ಟೈಮಲ್ಲಿ ಪಾಪೆ ಸರಿಯಾಗಿ ಅಗಲ ಆಗದೆ ಅದರ ಸುತ್ತಿನ ಬಣ್ಣದ ಪರದೆ ಜೋಲಾಡ್ಬೋದು, ಸರ್ಜನ್ನಿಗೆ ಮೊದಲೇ ಗೊತ್ತಿದ್ರೆ ಅದಕ್ಕೆ ತಯಾರಿ ಮಾಡ್ಕೋತಾರೆ. ಮಾತ್ರೆ ಚೀಟಿ ಎಲ್ಲಾ ಒಂದು ಕವರಲ್ಲಿ ಹಾಕ್ಕೊಂಡು ಹೋಗಿ ಅಂತ ಹೇಳೋದು ಇದಕ್ಕೇ. ಮಂಡಿ ನೋವು, ಸಂಧಿವಾತ ಅಂತ ಹೈಡ್ರಾಕ್ಸಿಕ್ಲೋರೋಕ್ವಿನ್ ತಗೊಳೋರು ನಿಮ್ಮನೇಲಿದ್ರೆ ಅದನ್ನಂತೂ ಹೇಳ್ಲೇಬೇಕು, ವರ್ಷಗಟ್ಟಲೆ ತಗೊಂಡ್ರೆ ರೆಟಿನಾಗೆ ಹೊಡೀಬೋದು, ಅದಕ್ಕೇ ಬೇರೆ ಚೆಕಪ್ ಇದೆ.

ಆಮೇಲೆ ಬೋರ್ಡ್ ಓದಿಸೋದು. ಕನ್ನಡ ಅಕ್ಷರದ ಬೋರ್ಡ್ ಇತ್ತು, ಅದಕ್ಕೆ ನನ್ನ ಕಡೆಯಿಂದ ಸ್ಪೆಷಲ್ ಥ್ಯಾಂಕ್ಸ್.

"ತಾತ, ಕೊನೆ ಲೈನ್ ಓದಿ."

"ಅಲ್ಲಿ ಇನ್ನೂ ಲೈನ್ ಅದಾ ಮಗ?"

ಪೇಪರ್ ಓದೋ ಮಾವನಿಗೆ ದೂರದ್ದು ಅಷ್ಟು ಕಮ್ಮಿ ಆಗಿತ್ತು ಅಂತ ನಮ್ಯಾರಿಗೂ ಗೊತ್ತಿರ್ಲಿಲ್ಲ. ಗದ್ದೆ ಬದು ಗೊತ್ತಿರೋ ದಾರಿ, ಕಣ್ಮುಚ್ಚಿದ್ರೂ ನಡೀತಾರೆ, ಮನೇಲಿ ಟಿವಿ ಹತ್ರಾನೇ ಕೂರೋದು, ಹಾಗಾಗಿ ಯಾರ ಗಮನಕ್ಕೂ ಬಂದಿಲ್ಲ.

ಗಾಳಿ ಊದೋ ಮಷೀನ್ ಬಗ್ಗೆ ಎಲ್ರೂ ಹೆದರಿಸಿದ್ರು, ಅದೇನೂ ಇಲ್ಲ, ಪುಸ್ ಅಂತ ಒಂದ್ಸಲ ಬರುತ್ತೆ, ಬೆಚ್ಚಿಬೀಳ್ತೀರ, ಮುಗೀತು. ಕಣ್ಣೊಳಗಿನ ಒತ್ತಡ ಸಾಮಾನ್ಯವಾಗಿ 10ರಿಂದ 21ರೊಳಗೆ ಇರುತ್ತೆ ಅಂತಾರೆ. ನನ್ನದು ಗಾಳಿ ಮಷೀನಲ್ಲಿ ಸ್ವಲ್ಪ ಜಾಸ್ತಿ ತೋರಿಸ್ತು, ಅಷ್ಟಕ್ಕೇ ನಂಗೆ ಅವ್ವನ ಡ್ರಾಪ್ಸ್ ಬಾಟ್ಲಿ ಕಣ್ಮುಂದೆ ಬಂತು. ಡಾಕ್ಟ್ರು ಮರಗಟ್ಟೋ ಡ್ರಾಪ್ಸ್ ಹಾಕಿ, ಹಳದಿ ಬಣ್ಣ ಮುಟ್ಟಿಸಿ, ನೀಲಿ ಲೈಟಿರೋ ಇನ್ನೊಂದು ಉಪಕರಣದಲ್ಲಿ ಮತ್ತೆ ನೋಡಿದ್ರು, ಅದರಲ್ಲಿ ಕಮ್ಮಿ ಬಂತು, ಅದೇ ನಂಬೋ ಅಳತೆ ಅಂದ್ರು. ಕಾರ್ನಿಯಾ, ಅಂದ್ರೆ ಕಣ್ಣಿನ ಮುಂದಿರೋ ಗಾಜಿನಂಥ ಪದರ, ದಪ್ಪ ಇರೋರಿಗೆ ರೀಡಿಂಗ್ ಜಾಸ್ತಿ ತೋರಿಸುತ್ತೆ, ತೆಳ್ಳಗಿದ್ರೆ ಕಮ್ಮಿ ತೋರಿಸುತ್ತೆ, ಹಾಗಾಗಿ ನಂಬರ್ ಒಂದನ್ನೇ ಹಿಡ್ಕೊಂಡು ಹೆದರಬಾರ್ದು, ಸಮಾಧಾನಾನೂ ಪಟ್ಕೋಬಾರ್ದು. ಒತ್ತಡ ನಾರ್ಮಲ್ ಇದ್ದೂ ಗ್ಲಾಕೋಮಾ ಬರೋರು ಇದಾರೆ. ಅದಕ್ಕೇ ನರಾನ ಕಣ್ಣಾರೆ ನೋಡ್ಬೇಕು, ಚೆನ್ನಾಗಿ ನೋಡೋಕೆ ಪಾಪೆ ಅಗಲ ಆಗ್ಬೇಕು, ಪಾಪೆ ಅಗಲ ಆಗೋಕೆ ಡ್ರಾಪ್ಸ್ ಬೇಕು. ಆ ಡ್ರಾಪ್ಸ್ ಹಾಕೋ ಮುಂಚೆ ಡಾಕ್ಟ್ರು ಒಂದ್ಸಲ ಮೈಕ್ರೋಸ್ಕೋಪಲ್ಲಿ ಕಣ್ಣಿನ ಮುಂಭಾಗ ನೋಡ್ತಾರೆ, ಕೆಲವ್ರಿಗೆ ಕಣ್ಣೊಳಗಿನ ನೀರು ಹರಿದುಹೋಗೋ ಮೂಲೆ ಇಕ್ಕಟ್ಟಾಗಿರುತ್ತೆ, ಅಂಥೋರಿಗೆ ಪಾಪೆ ಅಗಲ ಮಾಡಿದ್ರೆ ಒತ್ತಡ ಗಬಕ್ಕನೆ ಏರ್ಬೋದು. ನಮ್ಮ ಡಾಕ್ಟ್ರು ಇದನ್ನ ಬಿಡದೆ ನೋಡಿದ್ರು. ನೋಡದೇನೇ ನರ್ಸ್ ಕೈಲಿ ಸಾಲಾಗಿ ಎಲ್ರಿಗೂ ಡ್ರಾಪ್ಸ್ ಹಾಕಿಸೋ ಕಡೆ ಆದ್ರೆ ನೀವೇ ಒಂದ್ಮಾತು ಕೇಳಿ.

ಡ್ರಾಪ್ಸ್ ಹಾಕಿ ಕೂರಿಸೋ ಹಾಲ್ ಬಗ್ಗೆ ಹೇಳ್ಲೇಬೇಕು. ಎಲ್ರೂ ಕಣ್ಮುಚ್ಕೊಂಡು ಸಾಲಾಗಿ ಕೂತಿರ್ತಾರೆ, ಯಾರ್ ಯಾರ್ ಪಕ್ಕ ಕೂತಿದಾರೆ ಅಂತಾನೂ ಗೊತ್ತಾಗಲ್ಲ, ಹಾಗಾಗಿ ಮಾತು ಜಾಸ್ತಿ. ಮಾವ ಅಲ್ಲೇ ಮಳವಳ್ಳಿಯೋರ ಒಬ್ರನ್ನ ಹಿಡ್ಕೊಂಡು ಕಟಾವಿಗೆ ಆಳು ಸಿಗ್ತಿಲ್ಲ, ಫ್ಯಾಕ್ಟ್ರಿ ದುಡ್ಡು ಲೇಟು, ಎಲ್ಲಾ ಮಾತಾಡಿ ಮುಗಿಸಿ, ಕೊನೆಗೆ ಕಣ್ಬಿಟ್ಟಾಗ ಪರಸ್ಪರ ಮುಖ ಮಸುಕು ಮಸುಕು. ಅರ್ಧ ಗಂಟೆ ಬೇಕು ಪಾಪೆ ಪೂರ್ತಿ ಅಗಲ ಆಗೋಕೆ, ಶುಗರ್ ಇರೋರಿಗೆ ಇನ್ನೊಂದು ರೌಂಡ್ ಹಾಕ್ತಾರೆ. ಕುಡಿಯೋ ನೀರಿತ್ತು, ಟಾಯ್ಲೆಟ್ ಕ್ಲೀನ್ ಇತ್ತು, ಕುರ್ಚಿ ಮಾತ್ರ ಸ್ಟೀಲಿಂದು, ವಯಸ್ಸಾದೋರಿಗೆ ಅಷ್ಟೊತ್ತು ಕಷ್ಟ. ಇದಕ್ಕೆ ಅರ್ಧ ಮಾರ್ಕ್ಸ್ ಕಟ್.

ಮಾವನ ಸರದಿ. ಡಾಕ್ಟ್ರು ಮೈಕ್ರೋಸ್ಕೋಪಲ್ಲಿ ನೋಡಿ, ತಲೆ ಮೇಲೆ ಲೈಟ್ ಕಟ್ಕೊಂಡು ಮಲಗಿಸಿ ನೋಡಿ, ಆಮೇಲೆ ಕೇಳಿದ್ರು.

"ಯಜಮಾನ್ರೆ, ಕನ್ನಡಕ ಇಲ್ದೇನೇ ಪೇಪರ್ ಓದ್ತೀರಂತೆ?"

"ಹೂಂ ಸಾ, ಮುದ್ದೆ ಕಣ್ಣು."

"ಅದು ಪೊರೆ ಯಜಮಾನ್ರೆ. ಲೆನ್ಸ್ ನಡುಭಾಗ ಗಟ್ಟಿಯಾಗ್ತಾ ಹೋದಂಗೆ ಕಣ್ಣಿಗೆ ಮೈನಸ್ ಪವರ್ ಬರುತ್ತೆ, ಅದಕ್ಕೇ ಹತ್ರದ್ದು ಕನ್ನಡಕ ಇಲ್ದೇ ಕಾಣ್ತಿದೆ, ದೂರದ್ದು ಹೋಗಿದೆ. ಸ್ವಲ್ಪ ದಿನ ಆದ್ರೆ ಹತ್ರದ್ದೂ ಮಂಜಾಗುತ್ತೆ."

ಮಾವ ಒಂದು ಗಳಿಗೆ ಸುಮ್ನಿದ್ದು, "ಹಂಗಾರೆ ಇಷ್ಟ್ ದಿನ ನಾ ಜಂಬ ಪಟ್ಟಿದ್ದು ಕಾಯಿಲೆಗಾ" ಅಂದ್ರು, ಡಾಕ್ಟ್ರೂ ನಕ್ರು. ನಿಮ್ಮನೇಲೂ ಅಜ್ಜನೋ ಅಜ್ಜಿನೋ ಇದ್ದಕ್ಕಿದ್ದಂಗೆ ಕನ್ನಡಕ ಬಿಟ್ಟು ಓದೋಕೆ ಶುರು ಮಾಡಿದ್ರೆ ಖುಷಿಪಡೋ ಮುಂಚೆ ಒಂದ್ಸಲ ತೋರ್ಸಿ.

ಆಮೇಲೆ ಮಾವ ಊರಲ್ಲಿ ಎಲ್ರೂ ಕೇಳೋ ಪ್ರಶ್ನೇನೇ ಕೇಳಿದ್ರು, ಪೊರೆ ಇನ್ನೂ ಬಲಿತಿಲ್ವಲ್ಲ, ಬಲೀಲಿ ಬಿಡಿ ಸಾ ಅಂತ. ಈ ಬಲಿಯೋ ಮಾತು ಸುಳ್ಳಲ್ಲ, ಹಳೇದು. ಡಾ. ಎಂ.ಸಿ. ಮೋದಿ ಅವರು ಊರೂರಿಗೆ ಹೋಗಿ ಸಾಮೂಹಿಕ ಕ್ಯಾಂಪ್ ಮಾಡಿ ಪೊರೆ ತೆಗೀತಿದ್ದ ಕಾಲ ಮಾವನಂಥೋರಿಗೆ ಚೆನ್ನಾಗಿ ನೆನಪಿದೆ. ಆಗೆಲ್ಲ ಪೂರ್ತಿ ಬಲಿತ ಪೊರೇನ ಹಾಗೇ ಹೊರಗೆ ತೆಗೀತಿದ್ರು, ಒಳಗೆ ಲೆನ್ಸ್ ಇಡ್ತಿರ್ಲಿಲ್ಲ, ಅದಕ್ಕೇ ಆಪರೇಷನ್ ಆದೋರ್ಗೆಲ್ಲ ಸೋಡಾಬುಡ್ಡಿ ಕನ್ನಡಕ. ಈಗ ಫೇಕೋ ಅನ್ನೋ ಆಪರೇಷನ್ನಲ್ಲಿ ಸಣ್ಣ ತೂತು ಮಾಡಿ ಪೊರೇನ ಅಲ್ಟ್ರಾಸೌಂಡಿಂದ ಪುಡಿ ಮಾಡಿ ಹೀರ್ತಾರೆ, ಮಡಚಿದ ಲೆನ್ಸ್ ಅದೇ ತೂತಲ್ಲಿ ಕೂರಿಸ್ತಾರೆ. ಪೊರೆ ಜಾಸ್ತಿ ಬಲಿತು ಕಲ್ಲಾದಷ್ಟೂ ಪುಡಿ ಮಾಡೋದು ಕಷ್ಟ, ಕಣ್ಣಿಗೂ ಪೆಟ್ಟು ಜಾಸ್ತಿ. ಹಾಗಂತ ಪೊರೆ ಕಂಡ ದಿನವೇ ಆಪರೇಷನ್ ಅಂತಾನೂ ಇಲ್ಲ, ನಿಮ್ಮ ದಿನದ ಕೆಲ್ಸಕ್ಕೆ ಅಡ್ಡಿ ಆದಾಗ ಮಾಡಿಸ್ಕೊಳಿ ಅಂತಾರೆ. ನಮ್ಮ ಡಾಕ್ಟ್ರು ಆಪರೇಷನ್ನಿಗೆ ಅವಸರ ಮಾಡ್ಲಿಲ್ಲ, ಇದೇ ನಂಗೆ ಇಷ್ಟ ಆಗಿದ್ದು, ಶುಗರ್ ಹತೋಟಿಗೆ ಬರ್ಲಿ, ಆಮೇಲೆ ನೋಡೋಣ ಅಂದ್ರು.

ಶುಗರ್ ಅಂದ್ರಲ್ಲ, ಅದೇ ಈ ಚೆಕಪ್ಪಿನ ನಿಜವಾದ ಲಾಭ. ಪೊರೆ ಹೇಗೂ ಒಂದಲ್ಲ ಒಂದು ದಿನ ಗೊತ್ತಾಗ್ತಿತ್ತು. ಮಾವನ ಎರಡೂ ಕಣ್ಣಿನ ರೆಟಿನಾದಲ್ಲಿ ಸಣ್ಣ ಸಣ್ಣ ಕೆಂಪು ಚುಕ್ಕೆ ಇತ್ತು, ಫೋಟೋ ತೆಗೆದು ಕಂಪ್ಯೂಟರಲ್ಲಿ ದೊಡ್ಡದಾಗಿ ತೋರಿಸಿದ್ರು. ಶುಗರಿಂದ ಸಣ್ಣ ರಕ್ತನಾಳಗಳು ಸೋತು, ಉಬ್ಬಿ, ಸೋರೋಕೆ ಶುರು ಮಾಡೋದು, ಡಯಾಬಿಟಿಕ್ ರೆಟಿನೋಪತಿ ಮೊದಲ ಹಂತ. ನೋವಿಲ್ಲ, ಉರಿ ಇಲ್ಲ, ನೋಟದಲ್ಲಿ ಒಂಚೂರೂ ವ್ಯತ್ಯಾಸ ಇಲ್ಲ. ಈ ಹಂತದಲ್ಲಿ ಲೇಸರ್ರೂ ಬೇಡ ಇಂಜೆಕ್ಷನ್ನೂ ಬೇಡ, ಶುಗರ್ರು ಬಿಪಿ ಕೊಲೆಸ್ಟ್ರಾಲ್ ಹಿಡಿತದಲ್ಲಿಟ್ಕೊಂಡು ಮತ್ತೆ ಬಂದು ತೋರಿಸ್ತಿದ್ರೆ ಸಾಕು ಅಂದ್ರು. ತೊಂದ್ರೆ ಆದ್ಮೇಲೆ ಬರೋರಿಗೆ, ಅಂದ್ರೆ ರಕ್ತ ಕಣ್ಣೊಳಗೆ ತುಂಬ್ಕೊಂಡು ಕಪ್ಪಾದ್ಮೇಲೆ ಬರೋರಿಗೆ, ಚಿಕಿತ್ಸೆ ಉದ್ದ, ಖರ್ಚು ದೊಡ್ಡದು, ಹೋದ ನೋಟ ಪೂರ್ತಿ ವಾಪಸ್ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಆ ಫೋಟೋ ನೋಡಿದ ಮೇಲೆ ಮಾವ ಮಾತ್ರೆ ತಗೊಳೋ ರೀತಿನೇ ಬದಲಾಗಿದೆ, ಇಷ್ಟು ವರ್ಷ ಅತ್ತೆ ಹೇಳಿ ಹೇಳಿ ಸಾಕಾಗಿದ್ದನ್ನ ಒಂದು ಫೋಟೋ ಮಾಡ್ತು. ಸಾಯಂಕಾಲದ ಬೆಲ್ಲದ ಕಾಫಿ ಮಾತ್ರ ಇನ್ನೂ ನಿಂತಿಲ್ಲ, ಬೆಲ್ಲಕ್ಕೆ ಶುಗರ್ ಏರಲ್ಲ ಅಂತ ಅವ್ರಿಗೆ ಯಾರೋ ಹೇಳಿದಾರೆ. ಏರುತ್ತೆ ಮಾವ, ಚೆನ್ನಾಗೇ ಏರುತ್ತೆ.

ನನ್ನ ಕಥೆ ಚಿಕ್ಕದು. ಅಮ್ಮನಿಗೆ ಗ್ಲಾಕೋಮಾ ಅಂದ ತಕ್ಷಣ ಡಾಕ್ಟ್ರು ಬೇರೆ ತರಾನೇ ನೋಡಿದ್ರು. ಅಪ್ಪ ಅಮ್ಮ ಅಣ್ಣ ತಮ್ಮ ಅಕ್ಕ ತಂಗಿ, ಇವ್ರಲ್ಲಿ ಯಾರಿಗಾದ್ರೂ ಇದ್ರೆ ನಮಗೆ ಬರೋ ಸಾಧ್ಯತೆ ಬೇರೆಯೋರಿಗಿಂತ ಜಾಸ್ತಿ. ಇದು ಮೊದಲು ಪಕ್ಕದ ನೋಟ ತಿನ್ನುತ್ತೆ, ನೇರ ನೋಟ ಕೊನೇವರೆಗೂ ಚೆನ್ನಾಗಿರುತ್ತೆ, ಅದಕ್ಕೇ ಬೋರ್ಡಲ್ಲಿ 6/6 ಓದಿದ್ರೂ ಕಾಯಿಲೆ ಇರ್ಬೋದು. ಒಂದ್ಸಲ ಹೋದ ನರ ವಾಪಸ್ ಬರಲ್ಲ, ಡ್ರಾಪ್ಸ್ ಮಾಡೋದು ಉಳಿದಿರೋದನ್ನ ಕಾಯೋ ಕೆಲ್ಸ. ಅವ್ವನಿಗೆ ಗೊತ್ತಾಗಿದ್ದು ಹಾಲು ಕರೆಯೋವಾಗ ಪಕ್ಕದಲ್ಲಿಟ್ಟ ಕೊಡ ಪದೇ ಪದೇ ಒದ್ದು ಬೀಳಿಸೋಕೆ ಶುರು ಮಾಡಿದ್ಮೇಲೆ, ಅಷ್ಟೊತ್ತಿಗೆ ಎಡಗಣ್ಣು ಸುಮಾರು ಹೋಗಿತ್ತು.

ನಂಗೆ ಪಕ್ಕದ ನೋಟ ಅಳೆಯೋ ಫೀಲ್ಡ್ ಟೆಸ್ಟ್ ಬರ್ಕೊಟ್ರು. ಕತ್ತಲೆ ರೂಮು, ಒಂದು ಕಣ್ಣಿಗೆ ಪಟ್ಟಿ, ಬೋಗುಣಿ ತರದ ಮಷೀನೊಳಗೆ ನಡುವಿನ ಲೈಟನ್ನೇ ನೋಡ್ತಾ ಇರ್ಬೇಕು, ಸುತ್ತ ಎಲ್ಲಾದ್ರೂ ಚುಕ್ಕೆ ಬೆಳಗಿದ್ರೆ ಬಟನ್ ಒತ್ಬೇಕು. ಬೇಕು ಅಂತಾನೇ ಕಾಣದಷ್ಟು ಮಂದ ಬೆಳಕು ತೋರಿಸ್ತಾರೆ, ಆರೋಗ್ಯವಾಗಿರೋರಿಗೂ ಎಷ್ಟೋ ಕಾಣಲ್ಲ, ಇದನ್ನ ಮೊದಲೇ ಹೇಳಿದ್ರೆ ಚೆನ್ನಾಗಿತ್ತು, ನಾನಂತೂ ಒಳಗೆ ಕೂತು ಪಿಯುಸಿ ಮ್ಯಾಥ್ಸ್ ಪೇಪರ್ ಕೈಗೆ ಬಂದಷ್ಟೇ ಬೆವೆತೆ. ಆಮೇಲೆ ನರದ ಪದರದ ದಪ್ಪ ಅಳೆಯೋ ಓಸಿಟಿ ಸ್ಕ್ಯಾನ್, ಅದು ಸುಲಭ, ಮುಟ್ಟೋದೂ ಇಲ್ಲ. ರಿಸಲ್ಟ್ ಏನಂದ್ರೆ ಈಗ ಕಾಯಿಲೆ ಇಲ್ಲ, ನರದ ನಡುವಿನ ಗುಳಿ ಸ್ವಲ್ಪ ದೊಡ್ಡದಿದೆ, ಹುಟ್ಟಿಂದ್ಲೂ ಹಾಗೇ ಇರ್ಬೋದು, ಇವತ್ತಿನ ಸ್ಕ್ಯಾನ್ ಇಟ್ಕೊಂಡು ಮುಂದಿನ ವರ್ಷದ್ದರ ಜೊತೆ ಹೋಲಿಸ್ತೀವಿ. ದುಡ್ಡು ಕೊಟ್ಟು ಏನೂ ಇಲ್ಲ ಅನ್ನಿಸ್ಕೊಂಡು ಬಂದ್ಯಾ ಅಂತ ನಮ್ಮ ಯಜಮಾನ್ರು ಅಂದ್ರು. ಅವ್ರಿಗೂ 48, ಅವ್ರನ್ನೂ ಕಳಿಸೋಳಿದೀನಿ.

ಈಗ ಖರ್ಚು. ನಮಗೆ ಬಿದ್ದಿದ್ದು ಕನ್ಸಲ್ಟೇಷನ್ ತಲಾ 500, ಡ್ರಾಪ್ಸು ಒತ್ತಡ ಪವರ್ ಎಲ್ಲಾ ಅದರಲ್ಲೇ. ಮಾವನ ರೆಟಿನಾ ಫೋಟೋ, ನನ್ನ ಫೀಲ್ಡ್ ಟೆಸ್ಟು, ಓಸಿಟಿ, ಇವು ಬೇರೆ ಬೇರೆ ಬಿಲ್, ಎಲ್ಲಾ ಸೇರಿ 4 ಸಾವಿರ ಚಿಲ್ಲರೆ. ಕಮ್ಮಿ ಅಲ್ಲ. ಆದ್ರೆ ಫೀಲ್ಡ್ ಟೆಸ್ಟೂ ಓಸಿಟಿನೂ ಎಲ್ರಿಗೂ ಬೇಕಾಗಲ್ಲ, ನಂಗೆ ಬರ್ಕೊಟ್ಟಿದ್ದು ಅವ್ವನ ಕಾರಣಕ್ಕೆ. ಯಾಕೆ ಈ ಟೆಸ್ಟು ಅಂತ ಕೇಳಿ, ಕೇಳಿದ್ರೆ ಒಳ್ಳೆ ಡಾಕ್ಟ್ರು ಬೇಜಾರು ಮಾಡ್ಕೊಳಲ್ಲ. ದುಡ್ಡು ಕಷ್ಟ ಅಂದ್ರೆ ಮೈಸೂರಲ್ಲಿ ಕೆ.ಆರ್. ಆಸ್ಪತ್ರೆ ಇದೆ, ಮಂಡ್ಯದಲ್ಲಿ ಮಿಮ್ಸ್ ಇದೆ, ಎರಡೂ ಮೆಡಿಕಲ್ ಕಾಲೇಜಿಗೆ ಸೇರಿದ ಆಸ್ಪತ್ರೆ, ಕಣ್ಣಿನ ವಿಭಾಗ ಇದೆ, ಬೆಳಿಗ್ಗೇನೇ ಹೋಗಿ ಚೀಟಿ ಮಾಡಿಸ್ಬೇಕು. ಕೇಂದ್ರದ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಿಂದ ನಡೀತಿದೆ, ಬಡವ್ರಿಗೆ ಸರ್ಕಾರಿ ಆಸ್ಪತ್ರೆಲಿ ಪೊರೆ ಆಪರೇಷನ್ ಫ್ರೀಯಾಗಿ ಆಗೋದು ಅದರಡಿ. ಊರಿಗೆ ಬರೋ ಕ್ಯಾಂಪ್‌ಗಳೂ ಒಳ್ಳೇದೇ, ಆದ್ರೆ ಅಲ್ಲಿ ಹೆಚ್ಚಾಗಿ ಹುಡುಕೋದು ಪೊರೆ, ಟಾರ್ಚ್ ಬಿಟ್ಟು ನೋಡಿ ಪೊರೆ ಇಲ್ಲ ಹೋಗಿ ಅಂದ್ರೆ ಶುಗರ್ರು, ನರ ಎಲ್ಲಾ ಸರಿ ಇದೆ ಅಂತ ಅರ್ಥ ಅಲ್ಲ.

ಇನ್ನು ಕನ್ನಡಕದ ಕೌಂಟರ್. ಇಲ್ಲೇ ನಂಗೆ ಮೈ ಉರಿದಿದ್ದು. ಡಾಕ್ಟ್ರ ರೂಮಿಂದ ಚೀಟಿ ಹಿಡ್ಕೊಂಡು ಈಚೆ ಬಂದ್ರೆ ಒಬ್ಬ ಹುಡುಗ ಕೈ ಹಿಡಿದು ಕರ್ಕೊಂಡೇ ಹೋಗ್ತಾನೆ, ಪಾಪೆ ಅಗಲ ಆಗಿ ಬೆಲೆ ಚೀಟಿನೂ ಓದೋಕಾಗದೇ ಇರೋ ಟೈಮಲ್ಲಿ ಫ್ರೇಮ್ ಆರಿಸಿ ಮೇಡಂ ಅಂದ್ರೆ ಹೇಗೆ ಆರಿಸೋದು? ನನಗೆ ಬೇಕಾಗಿದ್ದು ಓದೋಕೆ ಪ್ಲಸ್ 1.5, ಅವ್ನು ತೋರಿಸಿದ್ದು 14 ಸಾವಿರದ ಪ್ರೋಗ್ರೆಸಿವ್, ಅಂದ್ರೆ ಒಂದೇ ಗ್ಲಾಸಲ್ಲಿ ದೂರದ್ದು ಹತ್ತಿರದ್ದು ಎರಡೂ ಪವರ್ ಇರೋದು, ಮೇಲೆ ಸ್ಕ್ರೀನಿನ ನೀಲಿ ಬೆಳಕು ತಡೆಯೋ ಬ್ಲೂ ಕಟ್ ಹಾಕಿಸ್ಕೊಳಿ ಮೊಬೈಲಿಂದ ಕಣ್ಣು ಹಾಳಾಗುತ್ತೆ ಅಂತ ಬೇರೆ. ಬ್ಲೂ ಕಟ್ ವಿಷಯಕ್ಕೆ 2023ರಲ್ಲಿ ಕೊಕ್ರೇನ್ ಅನ್ನೋ ವೈದ್ಯಕೀಯ ಸಂಶೋಧನೆ ಪರಿಶೀಲಿಸೋ ಸಂಸ್ಥೆಯೋರು ಇದ್ದಬದ್ದ ಟ್ರಯಲ್‌ಗಳನ್ನೆಲ್ಲ ಒಟ್ಟಿಗೆ ನೋಡಿ ಕಂಪ್ಯೂಟರ್ ಮುಂದೆ ಕೂತು ಕಣ್ಣು ದಣಿಯೋದಕ್ಕೆ ಅದರಿಂದ ಬಹುಶಃ ಏನೂ ಉಪಯೋಗ ಇಲ್ಲ ಅಂದಿದಾರೆ. ನಾನು ಚೀಟಿ ಮಡಚಿ ಬ್ಯಾಗಿಗೆ ಹಾಕ್ಕೊಂಡು ಬಂದೆ. ಆ ಚೀಟಿ ನಿಮ್ಮದು, ಎಲ್ಲಿ ಬೇಕಾದ್ರೂ ಮಾಡಿಸ್ಕೋಬೋದು, ಎರಡು ಪಾಪೆ ನಡುವಿನ ಅಂತರ ಅಳೆದು ಅದರಲ್ಲೇ ಬರೆಸ್ಕೊಳಿ. ಪ್ರೋಗ್ರೆಸಿವ್ ಕೆಟ್ಟದು ಅಂತಲ್ಲ, ದೂರ ಹತ್ತಿರ ಎರಡಕ್ಕೂ ಪವರ್ ಇರೋರಿಗೆ ಅನುಕೂಲ. ಆದ್ರೆ ವಯಸ್ಸಾದೋರು ಮೊದಲ ಸಲ ಹಾಕ್ಕೊಂಡ್ರೆ ಮೆಟ್ಲು ಇಳಿಯೋವಾಗ ಕೆಳಗಡೆ ಮಸುಕಾಗಿ ಕಾಲು ತಪ್ಪುತ್ತೆ, ಮಾವನಿಗೆ ಬೇಡ ಅಂತ ಡಾಕ್ಟ್ರೇ ಅಂದಿದ್ರು, ಕೌಂಟರ್ ಹುಡುಗನಿಗೆ ಆ ಸುದ್ದಿ ಮುಟ್ಟಿರ್ಲಿಲ್ಲ.

ಡಾಕ್ಟ್ರು ಹೊರಡೋ ಮುಂಚೆ ಹೇಳಿದ್ದರಲ್ಲಿ ಎರಡು ವಿಷಯ ಎಲ್ರಿಗೂ ಬೇಕಾಗಿದ್ದು. ಒಂದು, ಕಣ್ಣಲ್ಲಿ ಇದ್ದಕ್ಕಿದ್ದಂಗೆ ಮಿಂಚು ಹೊಡೆದಂಗಾಗೋದು, ಕಪ್ಪು ಚುಕ್ಕೆಗಳು ರಾಶಿ ತೇಲೋದು, ಪಕ್ಕದಿಂದ ಪರದೆ ಇಳಿದಂಗೆ ಕತ್ತಲಾಗೋದು, ಇದಾದ್ರೆ ಅಪಾಯಿಂಟ್‌ಮೆಂಟ್ ಕಾಯ್ಬೇಡಿ, ಅವತ್ತೇ ಹೋಗಿ, ರೆಟಿನಾ ಕಿತ್ಕೊಳ್ತಿರ್ಬೋದು. ಇನ್ನೊಂದು, ಮೆಡಿಕಲ್ ಶಾಪಲ್ಲಿ ಕಣ್ಣು ಕೆಂಪಾಗಿದೆ ಅಂದ್ರೆ ಕೊಡೋ ಡ್ರಾಪ್ಸು. ಅದರಲ್ಲಿ ಸ್ಟೆರಾಯ್ಡ್ ಇದ್ರೆ ಕೆಂಪು ತಕ್ಷಣ ಇಳಿಯುತ್ತೆ, ಹಾಯ್ ಅನ್ಸುತ್ತೆ, ಅದನ್ನೇ ತಿಂಗಳುಗಟ್ಟಲೆ ಹಾಕ್ಕೊಂಡ್ರೆ ಒತ್ತಡ ಏರಿ ಗ್ಲಾಕೋಮಾ ಬರ್ಬೋದು, ಪೊರೇನೂ ಬರ್ಬೋದು. ನಮ್ಮ ಕಡೆಗೆ ಇದು ಇನ್ನೂ ಜಾಸ್ತಿ ಲಾಗೂ ಆಗುತ್ತೆ, ಕಬ್ಬಿನ ಗರಿ ಕಣ್ಣಿಗೆ ಹೊಡೆಯೋದು ಮಂಡ್ಯ ಕಡೆ ಯಾರಿಗೆ ಗೊತ್ತಿಲ್ಲ ಹೇಳಿ, ಗಿಡ ಸೊಪ್ಪು ತಾಗಿದ ಗಾಯದಲ್ಲಿ ಫಂಗಸ್ ಕೂರುತ್ತೆ, ಅದರ ಮೇಲೆ ಸ್ಟೆರಾಯ್ಡ್ ಹಾಕಿದ್ರೆ ಹುಣ್ಣು ಇನ್ನೂ ಆಳಕ್ಕೆ ಹೋಗುತ್ತೆ. ನಂದಿಬಟ್ಟಲು ಹೂವಿನ ರಸ, ಹರಳೆಣ್ಣೆ, ಎದೆಹಾಲು, ಯಾವುದೂ ಬೇಡ, ಚೊಕ್ಕ ನೀರಲ್ಲಿ ತೊಳ್ಕೊಂಡು ಸೀದಾ ಆಸ್ಪತ್ರೆಗೆ ಬನ್ನಿ ಅಂದ್ರು. ಮಾವ ನಂದಿಬಟ್ಟಲ ಪರ ವಾದಕ್ಕೆ ಇಳಿಯೋ ಮುಂಚೆ ನಾನು ಎಬ್ಬಿಸ್ಕೊಂಡು ಬಂದೆ.

ಹೋಗೋರಿಗೆ ಸ್ವಲ್ಪ ಟಿಪ್ಸ್. ಗಾಡಿ ಓಡಿಸ್ಕೊಂಡು ಹೋಗ್ಬೇಡಿ, ಡ್ರಾಪ್ಸ್ ಪ್ರಭಾವ 4ರಿಂದ 6 ಗಂಟೆ ಇರುತ್ತೆ, ಬಿಸಿಲಿಗೆ ಬಂದ್ರೆ ಕಣ್ಣೇ ಬಿಡೋಕಾಗಲ್ಲ, ಮೊಬೈಲಲ್ಲಿ ಆಟೋ ಬುಕ್ ಮಾಡೋಕೂ ಅಕ್ಷರ ಕಾಣಲ್ಲ, ಜೊತೆಗೆ ಡ್ರಾಪ್ಸ್ ಹಾಕಿಸ್ಕೊಳದೇ ಇರೋರು ಒಬ್ರು ಇರ್ಲಿ. ನಾವಿಬ್ರೂ ಒಂದೇ ದಿನ ಹಾಕಿಸ್ಕೊಂಡಿದ್ವಿ, ನನ್ನ ಮಗ ಕಾಲೇಜ್ ಮುಗಿಸಿ ಬಂದು ಇಬ್ರನ್ನೂ ರಸ್ತೆ ದಾಟಿಸಿದ. ಕೂಲಿಂಗ್ ಗ್ಲಾಸ್ ತಗೊಂಡೋಗಿ, ಇಲ್ಲಾಂದ್ರೆ ಟೋಪಿ. ಶುಗರ್ ಇರೋರು ತಿಂಡಿ ತಿಂದೇ ಹೋಗಿ, ಇದು ಖಾಲಿ ಹೊಟ್ಟೆ ಟೆಸ್ಟಲ್ಲ, ಅಲ್ಲೊಬ್ರು ಹಾಗನ್ಕೊಂಡು ಬಂದು ತಲೆ ಸುತ್ತಿ ಕೂತಿದ್ರು. ಶನಿವಾರ ಬಿಟ್ಟು ಬೇರೆ ದಿನ ನೋಡಿ, ಶನಿವಾರ ಮಂಡ್ಯ ಮದ್ದೂರು ಚಾಮರಾಜನಗರ ಎಲ್ಲಾ ಕಡೆಯೋರೂ ಅಲ್ಲೇ ಇರ್ತಾರೆ.

ಒಂದು ಸ್ಟಾರ್ ಯಾಕೆ ಕಟ್ ಮಾಡ್ದೆ ಅಂದ್ರೆ ಕಾಯಿಸಿದ್ದು, ಸ್ಟೀಲ್ ಕುರ್ಚಿ, ಕೌಂಟರ್ ಹುಡುಗ, ಆಮೇಲೆ ಮೆಸೇಜು. ಮುಂದಿನ ಚೆಕಪ್ ಜ್ಞಾಪಿಸೋಕೆ ಆಸ್ಪತ್ರೆಯೋರು ಮಾವನ ನಂಬರಿಗೆ ಮೆಸೇಜ್ ಹಾಕ್ತಾರೆ, ಒಳ್ಳೆ ವ್ಯವಸ್ಥೆನೇ, ಆದ್ರೆ ಇಂಗ್ಲಿಷಲ್ಲಿ ಬರುತ್ತೆ, ಮಾವ ಅದನ್ನ ಬ್ಯಾಂಕಿಂದು ಅನ್ಕೊಂಡು ಡಿಲೀಟ್ ಮಾಡಿದ್ರು. ಬೋರ್ಡ್ ಕನ್ನಡದಲ್ಲಿ ಇಟ್ಟೋರಿಗೆ ಮೆಸೇಜ್ ಕನ್ನಡದಲ್ಲಿ ಕಳಿಸೋದು ಏನ್ ಮಹಾ ಕೆಲಸ? ಫೀಡ್‌ಬ್ಯಾಕ್ ಫಾರಂನಲ್ಲಿ ಬರ್ದು ಕೊಟ್ಟಿದೀನಿ. ಸರಿ ಮಾಡಿದ್ರೆ ಇಲ್ಲೇ ಅಪ್‌ಡೇಟ್ ಮಾಡಿ ಅರ್ಧ ಮಾರ್ಕ್ಸ್ ವಾಪಸ್ ಕೊಡ್ತೀನಿ, ಕೌಂಟರಿಂದು ಮಾತ್ರ ಕೊಡಲ್ಲ.